ರಸೀದಿ ಪುಸ್ತಕ ಹಿಡಿದು ಹೊರಡುವ ಮೊದಲು: ಸಣ್ಣ ಸೇವಾಸಂಸ್ಥೆ ನಿಧಿ ಸಂಗ್ರಹವನ್ನು ಯೋಜಿಸುವುದು ಹೇಗೆ?

ಸಣ್ಣ ಸೇವಾಸಂಸ್ಥೆಗಳ ಸಭೆಯಲ್ಲಿ ಹಣದ ಮಾತು ಸಾಮಾನ್ಯವಾಗಿ ಬರುವುದು ಬ್ಯಾಂಕ್ ಖಾತೆ ಬರಿದಾಗುತ್ತ ಬಂದಾಗ. ಆಗ ಖಜಾಂಚಿಯವರು ರಸೀದಿ ಪುಸ್ತಕ ಹಿಡಿದು, ಪ್ರತಿ ವರ್ಷವೂ ಕೊಡುವ ಅದೇ ಹತ್ತಾರು ಮನೆಗಳಿಗೆ ಹೊರಡುತ್ತಾರೆ. ಹೊರಗೆ ಆಷಾಢದ ಮಳೆ ಸುರಿಯುತ್ತಿದ್ದರೂ ಸರಿ, ಬೆಳೆಗಾರರ ಕೈ ಖಾಲಿಯಿದ್ದರೂ ಸರಿ. ಚಿಕ್ಕಮಗಳೂರಿನಂಥ ಜಿಲ್ಲೆಯಲ್ಲಿ ಹಣ ವರ್ಷವಿಡೀ ಒಂದೇ ಸಮನೆ ಓಡಾಡುವುದಿಲ್ಲ. ಫಸಲಿನ ಜೊತೆ ಬಂದು, ಮುಂದಿನ ಫಸಲಿನ ಖರ್ಚಿಗೆ ಹೋಗಿಬಿಡುತ್ತದೆ. ಆದ್ದರಿಂದ ಎಷ್ಟು ಬೇಕು, ಯಾರನ್ನು ಕೇಳಬೇಕು, ಯಾವ ತಿಂಗಳಲ್ಲಿ ಕೇಳಬೇಕು ಎಂಬುದನ್ನು ವರ್ಷದ ಆರಂಭದಲ್ಲೇ ಬರೆದಿಟ್ಟುಕೊಳ್ಳುವ ಸಂಸ್ಥೆಗೂ ಹಾಗೆ ಮಾಡದ ಸಂಸ್ಥೆಗೂ ಅಂತರ ಬಹಳ. ಒಂದು ಕಲ್ಪಿತ ಉದಾಹರಣೆಯನ್ನು ಇಟ್ಟುಕೊಂಡು ಈ ಕ್ರಮವನ್ನು ನೋಡೋಣ: ಮೂಡಿಗೆರೆ ತಾಲ್ಲೂಕಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿ, ಅಂದರೆ ಕಾರ್ಮಿಕರ ಸಾಲುಮನೆಗಳಲ್ಲಿ, ಇರುವ 40 ಮಕ್ಕಳಿಗೆ ಸಂಜೆ ಪಾಠ ಹೇಳಿಕೊಡುವ ಒಂದು ಟ್ರಸ್ಟ್ ಇದೆ ಎಂದು ಭಾವಿಸಿ.

ಮೊದಲ ಹಂತ: ಖರ್ಚನ್ನು ಒಂದು ಮಗುವಿನ ಲೆಕ್ಕಕ್ಕೆ ಇಳಿಸುವುದು

ಇಬ್ಬರು ಶಿಕ್ಷಕರಿಗೆ ತಿಂಗಳಿಗೆ ತಲಾ 8,000 ರೂಪಾಯಿಯಂತೆ ಹತ್ತು ತಿಂಗಳಿಗೆ 1,60,000. ಮಗುವಿಗೆ ದಿನಕ್ಕೆ 12 ರೂಪಾಯಿಯ ತಿಂಡಿ ಎಂದರೆ 200 ದಿನಕ್ಕೆ 96,000. ಪುಸ್ತಕ, ಪೆನ್ಸಿಲ್ಲಿಗೆ ತಲಾ 900ರಂತೆ 36,000. ಕೊಠಡಿಯ ಬಾಡಿಗೆ ಮತ್ತು ವಿದ್ಯುತ್ತಿಗೆ 30,000. ಇಷ್ಟರಲ್ಲೇ ಲೆಕ್ಕ ಮುಗಿಸುವುದು ನಮ್ಮಲ್ಲಿ ರೂಢಿ. ಆಡಿಟರ್ ಶುಲ್ಕ, ಓಡಾಟ, ಮುದ್ರಣ, ಫೋನು ಇವನ್ನು ಪದಾಧಿಕಾರಿಗಳು ಸಂಕೋಚದಿಂದ ತಮ್ಮ ಜೇಬಿನಿಂದಲೇ ಭರಿಸುತ್ತಾರೆ. ಅವರಲ್ಲೊಬ್ಬರು ಊರು ಬಿಟ್ಟ ವರ್ಷ ಸಂಸ್ಥೆ ತತ್ತರಿಸುತ್ತದೆ. ಆ 38,000 ರೂಪಾಯಿಯನ್ನೂ ಸೇರಿಸಿದರೆ ಒಟ್ಟು 3,60,000, ಅಂದರೆ ಒಂದು ಮಗುವಿಗೆ ವರ್ಷಕ್ಕೆ 9,000, ತಿಂಗಳಿಗೆ 750 ರೂಪಾಯಿ. ದಾನಿಯ ಮುಂದೆ ಇಡಬೇಕಾದದ್ದು ಈ ಕೊನೆಯ ಎರಡು ಸಂಖ್ಯೆಗಳನ್ನು. ಮೂರೂವರೆ ಲಕ್ಷಕ್ಕೂ ಮಿಕ್ಕ ಹಣ ಬೇಕೆಂದರೆ ಕೇಳಿದವರು ಹಿಂಜರಿಯಬಹುದು, ಒಂದು ಮಗುವಿನ ತಿಂಗಳ ಖರ್ಚನ್ನು ಹೇಳಿದರೆ ಯೋಚಿಸುತ್ತಾರೆ.

ಎರಡನೆಯ ಹಂತ: ಕಾಗದಪತ್ರ

ಇದನ್ನು ಬೇಗ ಹೇಳಿ ಮುಗಿಸಬಹುದು, ಮಾಡಿ ಮುಗಿಸಲು ಮಾತ್ರ ತಿಂಗಳುಗಳೇ ಬೇಕು. ಆದಾಯ ತೆರಿಗೆಯ 12ಎಬಿ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ) ಮತ್ತು 80ಜಿ (ದಾನಿಗೆ ತೆರಿಗೆ ರಿಯಾಯಿತಿ) ನೋಂದಣಿ, ಸಂಸ್ಥೆಯ ಹೆಸರಿನ ಪ್ಯಾನ್, ಇಬ್ಬರ ಸಹಿಯ ಬ್ಯಾಂಕ್ ಖಾತೆ, ಸ್ವಯಂಸೇವಾ ಸಂಸ್ಥೆಗಳು ನೋಂದಾಯಿಸಿಕೊಳ್ಳುವ ನೀತಿ ಆಯೋಗದ ಎನ್‌ಜಿಒ ದರ್ಪಣ್ ಜಾಲತಾಣದ ಸಂಖ್ಯೆ, ಹಿಂದಿನ ವರ್ಷಗಳ ಆಡಿಟ್ ವರದಿ ಇವು ಕೈಯಲ್ಲಿರಬೇಕು. 1961ರ ಕಾಯ್ದೆಯ ಬದಲಿಗೆ 2025ರ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಅನ್ವಯವಾಗುವುದರಿಂದ ಕಲಮುಗಳ ಸಂಖ್ಯೆ ಬೇರೆಯಾಗುತ್ತದೆ. ಜನರ ಬಾಯಲ್ಲಿರುವ ಹಳೆಯ ಸಂಖ್ಯೆಗಳನ್ನೇ ಇಲ್ಲಿ ಬಳಸಲಾಗಿದೆ, ಅರ್ಜಿ ಹಾಕುವಾಗ ಆಡಿಟರನ್ನು ಕೇಳಿಯೇ ಮುಂದುವರಿಯಿರಿ.

80ಜಿ ಬಗ್ಗೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಇಂಥ ಟ್ರಸ್ಟಿಗೆ ಕೊಟ್ಟ ದೇಣಿಗೆಯ ಅರ್ಧದಷ್ಟನ್ನು ದಾನಿಯು ನಿಗದಿತ ಮಿತಿಯೊಳಗೆ ತನ್ನ ಆದಾಯದಿಂದ ಕಳೆದು ತೆರಿಗೆ ಲೆಕ್ಕ ಹಾಕಬಹುದು ಎಂಬುದು ನಿಜ. ಆದರೆ ಹೊಸ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ ಈ ರಿಯಾಯಿತಿ ಇಲ್ಲ, 2,000 ರೂಪಾಯಿ ಮೀರಿದ ನಗದು ದೇಣಿಗೆಗೂ ಇಲ್ಲ. ಇನ್ನು ಕಾಫಿ ಬೆಳೆದು ಕ್ಯೂರಿಂಗ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜವನ್ನು ವಿಂಗಡಿಸುವುದು) ಮಾಡಿಸದೆ ಹಾಗೆಯೇ ಮಾರುವ ಬೆಳೆಗಾರರ ಆದಾಯ ಕೃಷಿ ಆದಾಯವಾದ್ದರಿಂದ ಕೇಂದ್ರದ ತೆರಿಗೆಯ ವ್ಯಾಪ್ತಿಗೇ ಬರುವುದಿಲ್ಲ. ಬೆಳೆದವರೇ ಕ್ಯೂರಿಂಗ್ ಮಾಡಿ ಮಾರಿದಾಗ ಅದರ ಶೇ 25ರಷ್ಟು ಮಾತ್ರ ತೆರಿಗೆಗೆ ಒಳಪಡುತ್ತದೆ. ಹೀಗಿರುವಾಗ ‘ತೆರಿಗೆ ವಿನಾಯಿತಿ ಇದೆ’ ಎಂದು ಕರಪತ್ರದ ತಲೆಯಲ್ಲೇ ದಪ್ಪಕ್ಷರದಲ್ಲಿ ಅಚ್ಚು ಹಾಕಿಸುವುದು ಬೆಂಗಳೂರಿನ ಸಂಸ್ಥೆಗಳನ್ನು ನೋಡಿ ಕಲಿತ ಅಭ್ಯಾಸ. ನಮ್ಮ ದಾನಿಗಳಲ್ಲಿ ಹಲವರಿಗೆ ಅದರಿಂದ ಪ್ರಯೋಜನವಿಲ್ಲ. ಆ ಜಾಗದಲ್ಲಿ ಮಕ್ಕಳ ವಿಷಯ ಬರೆಯುವುದು ಮೇಲು.

ಮೂರನೆಯ ಹಂತ: ಮೊತ್ತವನ್ನು ಹಂಚುವುದು

3,60,000 ರೂಪಾಯಿಯನ್ನು 40 ಮನೆಗಳಿಗೆ ಸಮನಾಗಿ ಹಂಚಿ ತಲಾ ಒಂಬತ್ತು ಸಾವಿರ ಕೇಳೋಣ ಎನ್ನುವುದು ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ, ಆದರೆ ನಡೆಯುವುದಿಲ್ಲ. ದೇಣಿಗೆ ಎಂದೂ ಸಮನಾಗಿ ಬರುವುದಿಲ್ಲ. 60,000 ಕೊಡುವವರು ಒಬ್ಬರು, 25,000 ಕೊಡುವವರು ನಾಲ್ವರು, ಒಂದು ಮಗುವಿನ ವರ್ಷದ ಖರ್ಚು ವಹಿಸಿಕೊಳ್ಳುವವರು ಒಂಬತ್ತು ಮಂದಿ, 3,000 ಕೊಡುವವರು 20 ಮಂದಿ ಸಿಕ್ಕರೆ 3,01,000 ಆಯಿತು. ಉಳಿದ 59,000 ಐನೂರು, ಸಾವಿರದ ರಸೀದಿಗಳಲ್ಲಿ ಬರಬೇಕು. ಈಗ ಪ್ರತಿ ಸಾಲಿನ ಮುಂದೆ ಹೆಸರುಗಳನ್ನು ಬರೆಯಿರಿ. ಒಬ್ಬರು ಒಪ್ಪಬೇಕಾದರೆ ಮೂವರನ್ನು ಕೇಳಬೇಕಾಗುತ್ತದೆ ಎಂದು ಹಿಡಿದರೆ 25,000ದ ಸಾಲಿಗೆ ಹನ್ನೆರಡು ಹೆಸರುಗಳು ಬೇಕು. ಐದೇ ಹೆಸರು ಹೊಳೆದರೆ ಯೋಜನೆಯ ಕೊರತೆ ಎಲ್ಲಿದೆ ಎಂಬುದು ಗೊತ್ತಾಯಿತು ಎಂದರ್ಥ, ಅದೂ ಹನ್ನೊಂದು ತಿಂಗಳು ಮೊದಲೇ. ಆಗ ಒಂದೋ ಹೊಸ ಪರಿಚಯಗಳನ್ನು ಹುಡುಕಬೇಕು, ಇಲ್ಲವೇ ಮಕ್ಕಳ ಸಂಖ್ಯೆಯನ್ನು 30ಕ್ಕೆ ಇಳಿಸಬೇಕು.

ನಾಲ್ಕನೆಯ ಹಂತ: ಯಾವ ತಿಂಗಳಲ್ಲಿ ಯಾರನ್ನು ಕೇಳಬೇಕು?

ಯೋಜನೆಯ ಜೀವಾಳ ಇದು. ಅರೇಬಿಕಾ ಕಾಫಿಯ ಕೊಯ್ಲು ನವೆಂಬರಿನಿಂದ ಜನವರಿಯವರೆಗೆ, ರೋಬಸ್ಟಾ ಜನವರಿಯಿಂದ ಮಾರ್ಚ್‌ವರೆಗೆ ನಡೆಯುತ್ತದೆ. ಆ ದಿನಗಳಲ್ಲಿ ಬೆಳೆಗಾರರ ತಲೆಯಲ್ಲಿರುವುದು ಆಳುಗಳ ಬಟವಾಡೆ, ಕಣದಲ್ಲಿ ಒಣಗುತ್ತಿರುವ ಕಾಫಿ ಮತ್ತು ಅಕಾಲದ ಮೋಡ. ಅವರ ಬಳಿ ಸಂಜೆ ಪಾಠದ ಮಾತೆತ್ತಿದರೆ ‘ಆಮೇಲೆ ಬನ್ನಿ’ ಎಂಬ ಉತ್ತರ ಸಿಗುವುದು ಸಹಜ. ಮೇ ಬಂತೆಂದರೆ ಗೊಬ್ಬರ, ಮಳೆಗಾಲಕ್ಕೆ ಮುಂಚೆ ರೋಗ ತಡೆಯಲು ಹೊಡೆಯುವ ಬೋರ್ಡೋ ದ್ರಾವಣದ ಸಿಂಪಡಣೆ, ಮಕ್ಕಳ ಶಾಲಾ ಶುಲ್ಕ ಎಲ್ಲವೂ ಒಟ್ಟಿಗೆ ಎದುರಾಗುತ್ತವೆ. ನಡುವೆ ಸಿಗುವುದು ಅರೇಬಿಕಾ ಬೆಳೆಗಾರರಲ್ಲಿ ಫೆಬ್ರುವರಿ ಮಧ್ಯದಿಂದ, ರೋಬಸ್ಟಾದವರಲ್ಲಿ ಕೊಯ್ಲು ಮುಗಿದ ಮೇಲೆ, ಏಪ್ರಿಲ್‌ವರೆಗಿನ ಅವಧಿ; ಅದರಲ್ಲೂ ಕಾಫಿ ಗಿಡ ಹೂ ಬಿಡಲು ಬೇಕಾದ ಒಳ್ಳೆಯ ಹೂಮಳೆ ಬಿದ್ದ ವಾರ ತೋಟದ ಮನೆಗಳಲ್ಲಿ ಮಾತುಕತೆಯ ಧಾಟಿಯೇ ಬೇರೆ. ಸಂಜೆ ಪಾಠದ ಖರ್ಚು ಜೂನ್‌ನಲ್ಲಿ ಶುರುವಾಗುವುದರಿಂದ ಈ ಅವಧಿ ನಮ್ಮ ಟ್ರಸ್ಟಿಗೂ ಹೊಂದುತ್ತದೆ.

ಕೊಪ್ಪ, ಶೃಂಗೇರಿ ಕಡೆಯ ಅಡಿಕೆ ಬೆಳೆಗಾರರ ಲೆಕ್ಕ ಇನ್ನೊಂದು ಬಗೆಯದು: ಕೊಯ್ಲು ಮುಗಿದರೂ ಧಾರಣೆ ನೋಡಿಕೊಂಡು ಮಾಲನ್ನು ಇಟ್ಟುಕೊಳ್ಳುವವರು ಇರುವುದರಿಂದ ಅಲ್ಲಿ ತಿಂಗಳಿಗಿಂತ ಮಾರುಕಟ್ಟೆಯ ದರವನ್ನು ಗಮನಿಸಬೇಕು. ಕಡೂರಿನ ರಾಗಿ ರೈತರ ಬಳಿ ಸಂಕ್ರಾಂತಿಯ ನಂತರ ಹೋಗಬಹುದು. ಹಣಕ್ಕಿಂತ ತಿಂಡಿಗೆ ಬೇಕಾದ ರಾಗಿಯನ್ನೇ ಕೇಳುವುದು ಅಲ್ಲಿ ಸುಲಭ. ಶಿಕ್ಷಕರು, ಬ್ಯಾಂಕ್ ನೌಕರರು, ಪಿಂಚಣಿದಾರರು ಹೀಗೆ ತಿಂಗಳ ಆದಾಯವಿರುವವರಿಂದ ಒಮ್ಮೆಗೇ 9,000 ಕೇಳುವ ಬದಲು ತಿಂಗಳಿಗೆ 750 ರೂಪಾಯಿ ಬ್ಯಾಂಕಿನಿಂದಲೇ ವರ್ಗಾವಣೆಯಾಗುವಂತೆ ಕೇಳುವುದು ಉತ್ತಮ. ಬೆಳೆ ಕೆಟ್ಟ ವರ್ಷ ಸಂಸ್ಥೆಯನ್ನು ಕಾಯುವುದು ಈ ಸಣ್ಣ ಮೊತ್ತಗಳೇ.

ಐದನೆಯ ಹಂತ: ಕೇಳುವುದು

ದೊಡ್ಡ ಮೊತ್ತಕ್ಕೆ ಕರಪತ್ರವನ್ನೋ ವಾಟ್ಸ್ಆ್ಯಪ್ ಸಂದೇಶವನ್ನೋ ನೆಚ್ಚಿಕೊಳ್ಳಬಾರದು. ಇಬ್ಬರು ಹೋಗಬೇಕು; ಒಬ್ಬರು ಆ ಮನೆಗೆ ಪರಿಚಿತರಾಗಿರಬೇಕು, ಇನ್ನೊಬ್ಬರು ಮಕ್ಕಳಿಗೆ ಪಾಠ ಮಾಡುವವರೇ ಆಗಿದ್ದರೆ ಒಳ್ಳೆಯದು. ಬಟವಾಡೆಯ ಸಂಜೆ ಬೇಡ. ಫೋನ್ ಮಾಡಿ ಸಮಯ ಕೇಳಿಕೊಂಡು ಹೋಗಿ, ಒಂದೇ ಪುಟದ ಪತ್ರ ಕೊಟ್ಟು, ‘ಈ ವರ್ಷ ಎರಡು ಮಕ್ಕಳ ಖರ್ಚು, 18,000 ರೂಪಾಯಿ, ತಾವು ವಹಿಸಿಕೊಳ್ಳಬೇಕೆಂದು ಕೇಳಲು ಬಂದಿದ್ದೇವೆ’ ಎಂದು ಮೊತ್ತವನ್ನು ನೇರವಾಗಿ ಹೇಳಬೇಕು.

‘ತಮ್ಮ ಕೈಲಾದಷ್ಟು ಕೊಡಿ’ ಎಂಬ ಮಾತು ವಿನಯದಂತೆ ಕೇಳಿಸಿದರೂ ದಾನಿಯನ್ನು ಪೇಚಿಗೆ ಸಿಲುಕಿಸುತ್ತದೆ. ಆಗ ಅವರು ಏನು ಮಾಡುತ್ತಾರೆ ಎಂಬುದನ್ನು ದೇಣಿಗೆ ಎತ್ತಿದವರೆಲ್ಲ ಕಂಡಿರುತ್ತಾರೆ: ರಸೀದಿ ಪುಸ್ತಕವನ್ನು ಕೈಗೆ ತೆಗೆದುಕೊಂಡು, ಹೆಬ್ಬೆರಳಿನಿಂದ ಹಿಂದಿನ ಹಾಳೆಗಳನ್ನು ಮಗುಚುತ್ತ, ಪಕ್ಕದ ತೋಟದವರು ಎಷ್ಟು ಬರೆಸಿದ್ದಾರೆಂದು ನೋಡುತ್ತಾರೆ. ಅಲ್ಲಿ 501 ಎಂದಿದ್ದರೆ ಇವರದ್ದೂ 501. ಆದ್ದರಿಂದ ಪುಸ್ತಕದ ಮೊದಲ ಹಾಳೆಗಳು ಟ್ರಸ್ಟಿಗಳ ಸ್ವಂತ ದೇಣಿಗೆಯವಾಗಿರಲಿ, ಅವರ ನಂತರ ದೊಡ್ಡ ಮೊತ್ತ ಕೊಡಬಲ್ಲವರ ಮನೆಗಳಿಗೆ ಹೋಗಲಿ. ತಾವೇ ಒಂದು ರೂಪಾಯಿ ಕೊಡದ ಪದಾಧಿಕಾರಿಗಳು ಬೇರೆಯವರನ್ನು ಕೇಳುವುದು ನನಗಂತೂ ಸರಿ ಕಾಣುವುದಿಲ್ಲ.

ರಸೀದಿಯಲ್ಲಿ ಹೆಸರು, ವಿಳಾಸ, ಪ್ಯಾನ್ ಸಂಖ್ಯೆಗೆ ಜಾಗವಿರಲಿ; 80ಜಿ ಇರುವ ಸಂಸ್ಥೆಯು ಹಿಂದಿನ ಹಣಕಾಸು ವರ್ಷದ ದಾನಿಗಳ ವಿವರವನ್ನು ಮೇ 31ರೊಳಗೆ ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಿ ದಾನಿಗಳಿಗೆ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಕ್ಯೂಆರ್ ಕೋಡ್ ಸಂಸ್ಥೆಯ ಖಾತೆಯದ್ದೇ ಆಗಿರಬೇಕು, ಕಾರ್ಯದರ್ಶಿಯವರ ಸ್ವಂತ ನಂಬರಿನದ್ದಲ್ಲ.

ಹೊರಗಿನ ಹಣ ಮತ್ತು ಕಾರ್ಯಕ್ರಮಗಳು

ಅಮೆರಿಕದಲ್ಲಿರುವ ಊರಿನ ಮಕ್ಕಳನ್ನು ಕೇಳೋಣ ಎಂಬ ಸಲಹೆ ಎಲ್ಲ ಸಭೆಗಳಲ್ಲೂ ಬರುತ್ತದೆ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದರೆ ತೊಡಕಿಲ್ಲ. ಆದರೆ ಬೇರೆ ದೇಶದ ಪೌರತ್ವ ಪಡೆದವರು ಮೂಡಿಗೆರೆಯಲ್ಲೇ ಹುಟ್ಟಿದ್ದರೂ ಅವರ ಹಣ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ವಿದೇಶಿ ದೇಣಿಗೆಯೇ. ಅದನ್ನು ಪಡೆಯಲು ಕೇಂದ್ರ ಗೃಹ ಸಚಿವಾಲಯದ ನೋಂದಣಿ ಅಥವಾ ಪೂರ್ವಾನುಮತಿ ಬೇಕು, ಹಣ ಮೊದಲು ನವದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಸಣ್ಣ ಟ್ರಸ್ಟಿಗೆ ಇದು ಸದ್ಯಕ್ಕೆ ಬೇಡದ ಹೊರೆ.

ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣದ ದಾರಿ ಸ್ವಲ್ಪ ಹತ್ತಿರದ್ದು. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಡಿ ಬರುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಖರ್ಚು ಮಾಡಬೇಕು, ತಾವು ಕೆಲಸ ಮಾಡುವ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ಹಣ ಪಡೆಯುವ ಟ್ರಸ್ಟಿಗೆ 12ಎಬಿ, 80ಜಿ, ಮೂರು ವರ್ಷದ ಅನುಭವ ಮತ್ತು ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ನಮೂನೆಯ ನೋಂದಣಿ ಇರಬೇಕು. ಕಂಪನಿಗಳು ಮುಂದಿನ ವರ್ಷದ ಯೋಜನೆ ಸಿದ್ಧಪಡಿಸುವ ಮೊದಲೇ, ಜನವರಿಯ ಹೊತ್ತಿಗೆ, ಪ್ರಸ್ತಾವ ಕೊಡುವುದು ಒಳ್ಳೆಯದು. ಆದರೂ ಒಟ್ಟು ಬಜೆಟ್ಟಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಒಂದೇ ಕಂಪನಿಯಿಂದ ಪಡೆಯುವುದು ಕ್ಷೇಮವಲ್ಲ.

ಇನ್ನು ಸಹಾಯಾರ್ಥ ಯಕ್ಷಗಾನ, ನಾಟಕಗಳ ವಿಷಯ. ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರ ತುಂಬಿದ್ದನ್ನು ಕಂಡು ಹಣ ಬಂತೆಂದು ತಿಳಿಯುವಂತಿಲ್ಲ. ಟಿಕೆಟ್ ಮತ್ತು ಜಾಹೀರಾತಿನಿಂದ ಒಂದೂವರೆ ಲಕ್ಷ ಬಂದು, ಮೇಳ, ಸಭಾಂಗಣ, ಧ್ವನಿವರ್ಧಕ, ಊಟಕ್ಕೆ 1,10,000 ಹೋದರೆ ಉಳಿಯುವುದು 40,000. ಅದಕ್ಕಾಗಿ ಹತ್ತು ಜನ ಎರಡು ತಿಂಗಳು ಓಡಾಡಿರುತ್ತಾರೆ. ಅಷ್ಟನ್ನು ಐದು ಮನೆಗಳಿಂದ ತರಬಹುದಿತ್ತು. ಹೊಸಬರ ಪರಿಚಯ ಬೇಕಿದ್ದರೆ ಕಾರ್ಯಕ್ರಮ ಮಾಡಿ, ಬಂದವರ ಹೆಸರು, ಫೋನ್ ನಂಬರುಗಳನ್ನು ಬಾಗಿಲಲ್ಲೇ ಬರೆದುಕೊಳ್ಳಿ.

ಕೊನೆಯ ಹಂತ: ಕೊಟ್ಟವರ ಲೆಕ್ಕ ಇಡುವುದು

ಮದುವೆಯ ಮುಯ್ಯಿ ಪುಸ್ತಕವನ್ನು ಮನೆಯವರು ಎಷ್ಟು ಜೋಪಾನವಾಗಿ ಕಾಯ್ದಿಡುತ್ತಾರೋ ಅಷ್ಟೇ ಜೋಪಾನದ ದಾನಿಗಳ ಪುಸ್ತಕವೊಂದು ಸಂಸ್ಥೆಯಲ್ಲಿರಬೇಕು: ಯಾರು, ಎಂದು, ಎಷ್ಟು ಕೊಟ್ಟರು, ಯಾರು ಹೋಗಿ ಕೇಳಿದ್ದರು, ಏನು ಹೇಳಿ ಕೊಟ್ಟರು. ಹಣ ಬಂದ ವಾರದೊಳಗೆ ಕೈಬರಹದ ಎರಡು ಸಾಲಿನ ಕೃತಜ್ಞತಾ ಪತ್ರ ಹೋಗಲಿ. ಅಕ್ಟೋಬರ್ ಹೊತ್ತಿಗೆ, ಏನನ್ನೂ ಕೇಳದೆ, ಮಕ್ಕಳ ಹಾಜರಾತಿ ಮತ್ತು ಖರ್ಚಿನ ವಿವರದ ಒಂದು ಪುಟವನ್ನು ಕಳುಹಿಸಿ. ನಡುವೆ ಶಾಲೆ ಬಿಟ್ಟ ಮಕ್ಕಳ ಸಂಖ್ಯೆಯನ್ನೂ ಅದರಲ್ಲಿ ಬರೆಯಿರಿ.

ಏಪ್ರಿಲ್ ಕೊನೆಯ ಸಭೆಯಲ್ಲಿ ಮೂರನೆಯ ಹಂತದ ಪಟ್ಟಿಯನ್ನು ಮತ್ತೆ ಮೇಜಿನ ಮೇಲಿಟ್ಟು, ಪ್ರತಿ ಸಾಲಿನ ಮುಂದೆ ನಿಜವಾಗಿ ಬಂದದ್ದನ್ನು ಬರೆಯಬೇಕು. ಹಿಂದಿನ ವರ್ಷ ಕೊಟ್ಟು ಈ ವರ್ಷ ಕೊಡದವರ ಹೆಸರುಗಳನ್ನು ಬೇರೆಯಾಗಿ ತೆಗೆದು, ಅವರಲ್ಲಿ ಯಾರನ್ನು ಕೇಳುವುದೇ ಮರೆತುಹೋಗಿತ್ತು, ಯಾರು ಕೇಳಿದರೂ ಕೊಡಲಿಲ್ಲ ಎಂದು ಗುರುತಿಸಿ. ಮೊದಲನೆಯ ಗುಂಪಿನವರಿಗೆ ಆ ವಾರವೇ ಫೋನ್ ಮಾಡಿ. ಎರಡನೆಯ ಗುಂಪಿನವರ ಮನೆಗೆ ರಸೀದಿ ಪುಸ್ತಕವಿಲ್ಲದೆ ಅಧ್ಯಕ್ಷರೇ ಹೋಗಿ ಕಾರಣ ಕೇಳಿಕೊಂಡು ಬರಲಿ.