ಹೊಗಳುವಾಗ ‘ಸೂಪರ್’ ಬಿಡಿ, ಯಾವುದು ಅಂತ ಹೇಳಿ

ಯಾರನ್ನಾದರೂ ಹೊಗಳುವಾಗ ‘ಸೂಪರ್’, ‘ಚೆನ್ನಾಗಿದೆ’ ಅಂತ ನಿಲ್ಲಿಸಬೇಡಿ, ಅವರು ಮಾಡಿದ್ದರಲ್ಲಿ ಒಂದನ್ನು ಹೆಸರಿಟ್ಟು ಹೇಳಿ. ‘ಊಟ ಚೆನ್ನಾಗಿತ್ತು’ ಅನ್ನೋ ಬದಲು ‘ಸಾರಿಗೆ ಮೆಣಸು ಜೀರಿಗೆ ಈಗಷ್ಟೇ ಹುರಿದು ಕುಟ್ಟಿ ಹಾಕಿದ್ದೀರಿ ಅಲ್ವಾ, ಘಮ ಬಾಗಿಲಿಗೇ ಬಂತು’ ಅಂದು ನೋಡಿ. ಸುಮ್ನೆ ಬಾಯಿಮಾತಲ್ಲ, ನಿಜವಾಗಿ ಗಮನಿಸಿದ್ದಾರೆ ಅಂತ ಅವರಿಗೆ ಗೊತ್ತಾಗುತ್ತದೆ, ಮುಂದಿನ ಸಲ ಏನನ್ನು ಹಾಗೇ ಉಳಿಸಿಕೊಳ್ಳಬೇಕು ಅನ್ನೋದೂ ತಿಳಿಯುತ್ತದೆ. ಮಕ್ಕಳಿಗಂತೂ ‘ನೀನು ಜಾಣ’ ಅನ್ನೋದಕ್ಕಿಂತ ‘ಬಿಡದೆ ಕೂತು ಮಾಡಿದೆ’ ಅನ್ನೋದೇ ವಾಸಿ. ಅಮೆರಿಕದಲ್ಲಿ ಕ್ಲಾಡಿಯಾ ಮ್ಯೂಲರ್, ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಮನೋವಿಜ್ಞಾನದ ಅಧ್ಯಯನದಲ್ಲಿ, ಜಾಣತನಕ್ಕೆ ಹೊಗಳಿಸಿಕೊಂಡ ಐದನೇ ಕ್ಲಾಸಿನ ಮಕ್ಕಳು ಕಷ್ಟದ ಪ್ರಶ್ನೆಯಲ್ಲಿ ಸೋತ ಮೇಲೆ ಜಾಸ್ತಿ ಕುಗ್ಗಿದರು, ಪ್ರಯತ್ನಕ್ಕೆ ಹೊಗಳಿಸಿಕೊಂಡವರು ಅಷ್ಟು ಸುಲಭವಾಗಿ ಬಿಡಲಿಲ್ಲ. ಇನ್ನು ನಿಮ್ಮನ್ನೇ ಹೊಗಳಿದರೆ ‘ಅಯ್ಯೋ ಬಿಡಿ, ಹಳೇ ಸೀರೆ’ ಅನ್ನಬೇಡಿ (ನಮ್ಮಲ್ಲಿ ಇದೊಂದು ಚಟ), ಮೆಚ್ಚಿದವರಿಗೇ ಪೆಚ್ಚಾಗುತ್ತದೆ. ‘ಖುಷಿಯಾಯ್ತು, ಆ ಅಂಚು ನೋಡಿಯೇ ತಗೊಂಡಿದ್ದು’ ಅಂದರೆ ಸಾಕು. ಕೆಲವು ಕಡೆ ಹೊಗಳಿಕೆಯೇ ಕೆಲಸ ಮಾಡೋದಿಲ್ಲ. ಹೊಗಳಿದ ಬೆನ್ನಿಗೇ ಸಾಲವನ್ನೋ ರಜೆಯನ್ನೋ ಕೇಳಿದರೆ ಬೆಣ್ಣೆ ಹಚ್ಚಿದ್ದು ಅಂತಲೇ ಲೆಕ್ಕ. ಕೊನೆಗೆ ‘ಆದರೆ’ ಸೇರಿಸಿದರೆ ಕಿವಿಯಲ್ಲಿ ಉಳಿಯೋದು ಅದರ ನಂತರದ ಮಾತು ಮಾತ್ರ. ಹಸುಗೂಸನ್ನು ‘ಎಷ್ಟು ಗುಂಡಗಿದೆ’ ಅಂದರೆ ಮನೆಯ ಅಜ್ಜಿ ದೃಷ್ಟಿ ತೆಗೆಯೋಕೆ ಉಪ್ಪು ಮೆಣಸಿನಕಾಯಿ ಹುಡುಕುತ್ತಾರೆ, ಅಲ್ಲಿ ಮಗುವನ್ನು ಬಿಟ್ಟು ಅಜ್ಜಿ ಮಾಡಿದ ಬಾಣಂತನವನ್ನು ಹೊಗಳಿ.