ಸೈನಸ್ ಆಪರೇಷನ್: ರಕ್ತ ಹೋಗುವುದನ್ನು ಕಡಿಮೆ ಮಾಡುವ ಕೆಲಸ ಮನೆಯಿಂದಲೇ ಶುರು

ರಾಶಿ ಕಾಲಕ್ಕೆ ತೊಗರಿ ಹೊಟ್ಟಿನ ದೂಳು, ಊರೊಳಗೆ ದಾಲ್ ಮಿಲ್ ದೂಳು, ಶಹಾಬಾದ್ ಕಡೆ ಕಲ್ಲಿನ ಪುಡಿ, ಸೇಡಂ, ವಾಡಿಯಲ್ಲಿ ಸಿಮೆಂಟು. ಕಲಬುರಗಿ ಜಿಲ್ಲೆಯಲ್ಲಿ ಮೂಗಿಗೆ ಬಿಡುವು ಎಂಬುದೇ ಇಲ್ಲ. ಬಹಳ ಜನರ ನೆಗಡಿ, ಮೂಗು ಕಟ್ಟುವುದು ಔಷಧಕ್ಕೆ ಬಗ್ಗುತ್ತದೆ. ಕೆಲವರಿಗೆ ಮಾತ್ರ ಮೂಗಿನೊಳಗೆ ದುರ್ಮಾಂಸ ಬೆಳೆದು, ಸೈನಸ್ ಎಂಬ, ಮೂಗಿನ ಸುತ್ತಲ ಮೂಳೆಯೊಳಗಿನ ಗಾಳಿ ಗೂಡುಗಳ ಬಾಯಿ ಮುಚ್ಚಿ, ಕೀವು ತುಂಬಿ, ಕೊನೆಗೆ ದುರ್ಬೀನ್ (ಎಂಡೋಸ್ಕೋಪ್) ಆಪರೇಷನ್ ಬೇಕಾಗುತ್ತದೆ.

ಆಗ ಮನೆಯವರೆಲ್ಲ ಕೇಳುವ ಪ್ರಶ್ನೆ ಒಂದೇ: ‘ರಕ್ತ ಜಾಸ್ತಿ ಹೋಗುತ್ತಾ?’ ಈ ಆಪರೇಷನ್‌ನಲ್ಲಿ ರಕ್ತದ ಬಾಟಲಿ ಏರಿಸಬೇಕಾಗುವುದು ಅಪರೂಪ. ಎಷ್ಟು ರಕ್ತ ಹೋಯಿತು ಎನ್ನುವುದಕ್ಕಿಂತ ಅದು ಎಲ್ಲಿ ಬಿತ್ತು ಎನ್ನುವುದೇ ಇಲ್ಲಿ ದೊಡ್ಡ ವಿಷಯ. ಡಾಕ್ಟರು ಮೂಗಿನೊಳಗೆ ಬಿಡುವ ದುರ್ಬೀನು ಸುಮಾರು 4 ಮಿ.ಮೀ. ದಪ್ಪ. ಅದರ ತುದಿಗೆ ಒಂದು ಹನಿ ರಕ್ತ ತಗುಲಿದರೂ ಪರದೆಯೆಲ್ಲ ಕೆಂಪು. ಕನ್ನಡಕಕ್ಕೆ ಕುಂಕುಮದ ನೀರು ಎರಚಿಕೊಂಡು ಸೂಜಿಗೆ ದಾರ ಪೋಣಿಸಲು ಕೂತಂತೆ. ಆ ಜಾಗವೋ ತೀರಾ ಸೂಕ್ಷ್ಮ. ಪಕ್ಕದಲ್ಲಿ ಕಣ್ಣು, ನಡುವೆ ಕಾಗದದಷ್ಟು ತೆಳು ಮೂಳೆ. ಮೇಲೆ ಮೆದುಳಿನ ತಳ. ಹಿಂದೆ ದೃಷ್ಟಿಯ ನರ, ಮೆದುಳಿಗೆ ರಕ್ತ ಒಯ್ಯುವ ದೊಡ್ಡ ನಾಳ. ಕಾಣದೆ ಕೈ ಆಡಿಸುವ ಜಾಗವೇ ಅಲ್ಲ ಇದು.

ಆಪರೇಷನ್ ವೇಳೆ ಮೂಗಿನೊಳಗೆ ಎಷ್ಟು ಸ್ಪಷ್ಟವಾಗಿ ಕಾಣುತ್ತಿದೆ ಎಂದು ಅಳೆಯಲು 1995ರಲ್ಲಿ ಬಂದ ಬೋಜಾರ್ಟ್ ಎಂಬ ಅಳತೆ ಇದೆ. ಸೊನ್ನೆ ಎಂದರೆ ರಕ್ತವೇ ಇಲ್ಲ. ಐದು ಎಂದರೆ ಎಳೆದು ತೆಗೆಯುವುದಕ್ಕಿಂತ ಬೇಗ ರಕ್ತ ತುಂಬುತ್ತಿದೆ, ಕೆಲಸ ಮುಂದುವರಿಸಲು ಆಗುವುದಿಲ್ಲ. ಒಂದು, ಎರಡರಲ್ಲೇ ಉಳಿಸಿಕೊಳ್ಳಲು ಎಲ್ಲರೂ ಪಾಡುಪಡುತ್ತಾರೆ. ಆ ಪಾಡಿನಲ್ಲಿ ಅರ್ಧ ರೋಗಿಯ ಮನೆಯಲ್ಲೇ ಆಗಬೇಕಾದದ್ದು. ಅದಕ್ಕೇ ಮುಂದೆ ಹೇಳುವ ಐದು ಹೆಜ್ಜೆಗಳಲ್ಲಿ ಮೊದಲ ಎರಡರ ಬಗ್ಗೆ ಇಲ್ಲಿ ಹೆಚ್ಚು ಬರೆದಿದ್ದೇನೆ.

ಹೆಜ್ಜೆ 1: ಗುಳಿಗೆಗಳ ಚೀಲ ತಂದು ತೋರಿಸಿ

ಮೊಣಕಾಲು ನೋವು, ಸೊಂಟ ನೋವು, ತಲೆನೋವು ಅಂತ ಮೆಡಿಕಲ್ ಅಂಗಡಿಯಿಂದ ನೇರ ಗುಳಿಗೆ ತಂದು ನುಂಗುವುದು ನಮ್ಮಲ್ಲಿ ದಿನದ ಮಾತು. ಹೊಲದಲ್ಲಿ ದುಡಿಯುವವರಂತೂ ಅದನ್ನು ಔಷಧ ಎಂದೇ ಲೆಕ್ಕಕ್ಕಿಡುವುದಿಲ್ಲ. ‘ಯಾವ ಗುಳಿಗೆ ತಗೋತೀರಿ?’ ಎಂದು ಕೇಳಿದರೆ ‘ಏನೂ ಇಲ್ರಿ’ ಎನ್ನುತ್ತಾರೆ. ಸುಳ್ಳು ಹೇಳುವ ಉದ್ದೇಶ ಅವರಿಗಿಲ್ಲ, ನೋವಿನ ಗುಳಿಗೆ ನೆನಪಿಗೇ ಬಂದಿರುವುದಿಲ್ಲ. ಆದರೆ ರಕ್ತ ಹೆಪ್ಪುಗಟ್ಟುವುದಕ್ಕೆ ಅಡ್ಡ ಬರುವವುಗಳಲ್ಲಿ ಮೊದಲಿನವು ಇವೇ.

ಆಸ್ಪಿರಿನ್, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಎಂಬ ಕಣಗಳ ಕೆಲಸವನ್ನು ಅವು ಬದುಕಿರುವಷ್ಟು ದಿನವೂ ಕೆಡಿಸುತ್ತದೆ. ಒಂದು ಪ್ಲೇಟ್‌ಲೆಟ್‌ನ ಆಯುಷ್ಯ 7ರಿಂದ 10 ದಿನ. ಆದ್ದರಿಂದ ಹೃದಯದ ತೊಂದರೆ, ಲಕ್ವ ಇಲ್ಲದವರು ಆಪರೇಷನ್‌ಗೆ ಅಷ್ಟು ದಿನ ಮೊದಲೇ ಅದನ್ನು ಬಿಟ್ಟಿರಬೇಕು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥವುಗಳ ಪರಿಣಾಮ ಬೇಗ ಇಳಿಯುತ್ತದೆ. ಆದರೂ ಕೆಲವು ದಿನ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಅಲ್ಲಿಯವರೆಗೆ ನೋವಿಗೆ ಪ್ಯಾರಾಸಿಟಮಾಲ್ ಸಾಕು. ಬೆಳ್ಳುಳ್ಳಿ ಕ್ಯಾಪ್ಸೂಲ್, ಮೀನೆಣ್ಣೆ, ವಿಟಮಿನ್ ಇ, ಜಿಂಕೊ ಇದ್ದರೆ ಅದನ್ನೂ ಹೇಳಿ. ಹಿಂಡಿಯಲ್ಲಿ ಹಾಕುವ ಬೆಳ್ಳುಳ್ಳಿಗೆ ಹೆದರಬೇಕಿಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳಲೇಬೇಕು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ಲಕ್ವ ಹೊಡೆದವರು, ಕವಾಟ ಬದಲಿಸಿಕೊಂಡವರು ರಕ್ತ ತೆಳು ಮಾಡುವ ಗುಳಿಗೆಯನ್ನು ತಮ್ಮಷ್ಟಕ್ಕೆ ತಾವೇ ಬಿಡಕೂಡದು. ಮೂಗಿನ ಡಾಕ್ಟರು ಮತ್ತು ಹೃದಯದ ಡಾಕ್ಟರು ಮಾತಾಡಿಕೊಂಡು ಯಾವುದನ್ನು ಎಷ್ಟು ದಿನ ಬಿಡಬೇಕು ಎಂದು ತೀರ್ಮಾನಿಸಬೇಕು. ಕ್ಲೊಪಿಡೊಗ್ರೆಲ್ ಆದರೆ ಸಾಮಾನ್ಯವಾಗಿ 5ರಿಂದ 7 ದಿನ. ವಾರ್ಫರಿನ್ ಆದರೆ ಸುಮಾರು 5 ದಿನ, ಆಮೇಲೆ ರಕ್ತ ಪರೀಕ್ಷೆ. ಹೊಸದಾಗಿ ಸ್ಟೆಂಟ್ ಹಾಕಿದ್ದರೆ ಆಪರೇಷನ್ನನ್ನೇ ಆರು ತಿಂಗಳಿಂದ ವರ್ಷದವರೆಗೆ ಮುಂದೂಡುವುದುಂಟು. ಸೈನಸ್ ಕಾಯುತ್ತದೆ, ಹೃದಯ ಕಾಯುವುದಿಲ್ಲ.

ಹೆಜ್ಜೆ 2: ಮನೆತನದ ಕಥೆಯನ್ನೂ ಹೇಳಿ

ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಎಣಿಕೆ, ಹೆಪ್ಪುಗಟ್ಟುವ ಪರೀಕ್ಷೆ ಮಾಡಿಸುತ್ತಾರೆ, ಸರಿ. ಆದರೆ ಕಾಗದದ ಮೇಲೆ ಎಲ್ಲ ಸರಿಯಾಗಿ ಕಂಡರೂ ರಕ್ತ ನಿಲ್ಲದ ರೋಗಗಳಿವೆ. ಗ್ಲಾನ್ಸ್‌ಮನ್ ಎಂಬ ಹುಟ್ಟುರೋಗದಲ್ಲಿ ಪ್ಲೇಟ್‌ಲೆಟ್ ಎಣಿಕೆ ಸರಿ ಇರುತ್ತದೆ, ಅವು ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ. ಸೋದರಮಾವನಿಗೆ ಕೊಡುವುದು, ಅತ್ತೆಯ ಮಗನಿಗೆ ಕೊಡುವುದು ನಮ್ಮ ಭಾಗದಲ್ಲಿ ರೂಢಿ ಅಲ್ವಾ? ರಕ್ತಸಂಬಂಧದ ಮದುವೆಗಳಲ್ಲಿ ಇಂಥ ಅಪರೂಪದ ರೋಗಗಳು ಕಾಣಿಸಿಕೊಳ್ಳುವ ಸಾಧ್ಯತೆ ಹೆಚ್ಚು.

ಹಾಗಾಗಿ ನಾಚಿಕೆ ಬಿಟ್ಟು ಹೇಳಿ. ಚಿಕ್ಕಂದಿನಲ್ಲಿ ಮೂಗಿನಿಂದ ಪದೇ ಪದೇ ರಕ್ತ ಬರುತ್ತಿತ್ತಾ? ಹಲ್ಲು ಕೀಳಿಸಿದಾಗ ರಾತ್ರಿಯಿಡೀ ರಕ್ತ ನಿಲ್ಲಲಿಲ್ಲವಾ? ಮುಟ್ಟಿನಲ್ಲಿ, ಹೆರಿಗೆಯಲ್ಲಿ ಜಾಸ್ತಿ ಹೋಗಿತ್ತಾ? ಅಣ್ಣ ತಮ್ಮ, ಅಕ್ಕ ತಂಗಿಯರಲ್ಲಿ ಯಾರಿಗಾದರೂ ಹೀಗಾಗಿದೆಯಾ? ಇತ್ತೀಚೆಗೆ ಡೆಂಗಿ ಬಂದಿತ್ತಾ? ಕುಡಿಯುವ ಅಭ್ಯಾಸ ಇದೆಯಾ? ಯಕೃತ್ತು ಕೆಟ್ಟರೂ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಇವಕ್ಕೆ ನಿಜವಾದ ಉತ್ತರ ಸಿಕ್ಕರೆ ಅದು ಎಷ್ಟೋ ಪರೀಕ್ಷೆಗಳಿಗಿಂತ ಮೇಲು.

ಹೆಜ್ಜೆ 3: ಊದಿದ ಮೂಗನ್ನು ಮೊದಲು ತಣ್ಣಗೆ ಮಾಡುವುದು

ಕೆಂಪಾಗಿ ಊದಿಕೊಂಡ ಒಳಪದರ ಮುಟ್ಟಿದರೆ ಸಾಕು, ರಕ್ತ ಸುರಿಸುತ್ತದೆ. ಅದಕ್ಕೇ ಕೀವು ಇದ್ದರೆ ಮೊದಲು ಆ್ಯಂಟಿಬಯಾಟಿಕ್ ಕೊಡುತ್ತಾರೆ. ದುರ್ಮಾಂಸ ಜಾಸ್ತಿ ಇದ್ದರೆ ಆಪರೇಷನ್‌ಗೆ ಮುಂಚೆ ಕೆಲವು ದಿನ ಸ್ಟೆರಾಯ್ಡ್ ಗುಳಿಗೆ ಕೊಡುವುದುಂಟು. ಸ್ಟೆರಾಯ್ಡ್ ಎಂದ ಕೂಡಲೇ ಹೆದರಿ ಅರ್ಧಕ್ಕೆ ಬಿಡಬೇಡಿ. ಕಡಿಮೆ ದಿನದ ಈ ಕೋರ್ಸಿನಿಂದ ಗಂಟು ಕುಗ್ಗುತ್ತದೆ, ರಕ್ತ ಕಡಿಮೆಯಾಗುತ್ತದೆ, ಡಾಕ್ಟರಿಗೆ ಒಳಗಿನ ದಾರಿ ಕಾಣುತ್ತದೆ. ಸಕ್ಕರೆ ಕಾಯಿಲೆ ಇದ್ದವರು ಮಾತ್ರ ಆ ದಿನಗಳಲ್ಲಿ ಶುಗರ್ ಏರುತ್ತದೆ ಎಂಬುದು ತಿಳಿದಿರಲಿ, ಪರೀಕ್ಷೆ ಮಾಡಿಸುತ್ತಿರಲಿ.

ಮೂಗು ಬಿಡಿಸುವ ಹನಿಗಳನ್ನು ತಿಂಗಳುಗಟ್ಟಲೆ ಹಾಕಿಕೊಳ್ಳುವವರು ಅದನ್ನೂ ಹೇಳಬೇಕು. ವಾರಕ್ಕಿಂತ ಹೆಚ್ಚು ಹಾಕಿದರೆ ಮೂಗು ಮತ್ತಷ್ಟು ಊದುತ್ತದೆ. ಬಿ.ಪಿ. ಹಿಡಿತದಲ್ಲಿರಬೇಕು. ಬೀಡಿ, ಸಿಗರೇಟು ಬಿಡಬೇಕು, ವಾರಗಳ ಮುಂಚೆಯೇ ಬಿಟ್ಟರೆ ಗಾಯವೂ ಬೇಗ ಮಾಯುತ್ತದೆ. ಆ ವಾರ ಹೊಸದಾಗಿ ನೆಗಡಿ, ಜ್ವರ ಬಂದರೆ ಮುಚ್ಚಿಟ್ಟುಕೊಂಡು ದವಾಖಾನೆಗೆ ಬರಬೇಡಿ. ದಿನಾಂಕ ಮುಂದೆ ಹೋದರೆ ಏನೂ ನಷ್ಟವಿಲ್ಲ.

ಹೆಜ್ಜೆ 4: ಥಿಯೇಟರ್ ಒಳಗೆ

ಇಲ್ಲಿಂದ ಮುಂದೆ ಅರಿವಳಿಕೆ ಡಾಕ್ಟರ ಪಾತ್ರ ದೊಡ್ಡದು. ರೋಗಿಯ ತಲೆಯ ಭಾಗವನ್ನು 15ರಿಂದ 20 ಡಿಗ್ರಿ ಎತ್ತರಿಸಿ ಮಲಗಿಸುತ್ತಾರೆ. ತಲೆಯ ರಕ್ತ ಎದೆಯ ಕಡೆಗೆ ಸಲೀಸಾಗಿ ಇಳಿಯುತ್ತದೆ, ಮೂಗಿನ ಸಿರೆಗಳು ಉಬ್ಬುವುದಿಲ್ಲ. ಇಷ್ಟು ಸರಳ ಉಪಾಯಕ್ಕೆ ಕಾಸು ಖರ್ಚಿಲ್ಲ, ಫಲ ಮಾತ್ರ ಎದ್ದು ಕಾಣುತ್ತದೆ.

ಉಸಿರಿನ ಮೂಲಕ ಎಳೆದುಕೊಳ್ಳುವ ಅರಿವಳಿಕೆ ಗಾಳಿಗಳು ರಕ್ತನಾಳ ಹಿಗ್ಗಿಸುತ್ತವೆ. ಅದಕ್ಕೆ ಬದಲು ಪ್ರೊಪೊಫಾಲ್‌ನಂಥ ಔಷಧವನ್ನು ಸಿರೆಯಲ್ಲೇ ಹರಿಸುತ್ತಾ ನಿದ್ದೆಯಲ್ಲಿಡುವ ವಿಧಾನ ಈಗ ಹೆಚ್ಚು ಬಳಕೆಯಲ್ಲಿದೆ. ಹೃದಯ ನಿಮಿಷಕ್ಕೆ ಸುಮಾರು 60 ಸಲ ಬಡಿಯುವಂತೆ, ಸರಾಸರಿ ರಕ್ತದೊತ್ತಡ 60ರಿಂದ 70ರ ಆಸುಪಾಸಿನಲ್ಲಿ ನಿಲ್ಲುವಂತೆ ನೋಡಿಕೊಳ್ಳುತ್ತಾರೆ. ಇದು ಗಟ್ಟಿಮುಟ್ಟಾದವರ ಲೆಕ್ಕ. ಹಳೆಯ ಬಿ.ಪಿ. ಇದ್ದವರಿಗೆ, ವಯಸ್ಸಾದವರಿಗೆ ಅಷ್ಟು ಇಳಿಸಿದರೆ ಮೆದುಳಿಗೆ, ಹೃದಯಕ್ಕೆ ರಕ್ತ ಸಾಲದೆ ಹೋಗಬಹುದು. ನಿಮ್ಮ ಬಿ.ಪಿ. ಎಷ್ಟು ವರ್ಷದ್ದು ಎಂದು ಅರಿವಳಿಕೆ ಡಾಕ್ಟರು ಕೆದಕಿ ಕೇಳುವುದು ಇದಕ್ಕೇ.

ಆಮೇಲೆ ಮೂಗಿನ ಡಾಕ್ಟರ ಕೈಚಳಕ. ಅಡ್ರಿನಲಿನ್‌ನಲ್ಲಿ ಅದ್ದಿದ ಸಣ್ಣ ಪಟ್ಟಿಗಳನ್ನು ಮೂಗಿನೊಳಗೆ ಇಟ್ಟು ಸುಮಾರು ಹತ್ತು ನಿಮಿಷ ಕಾಯುತ್ತಾರೆ. ನಾಳಗಳು ಕುಗ್ಗಿ ಒಳಪದರ ಬೆಳ್ಳಗಾಗುತ್ತದೆ. ಈ ಹತ್ತು ನಿಮಿಷದಲ್ಲಿ ಅವಸರ ಮಾಡಿದರೆ ಮುಂದೆ ಗಂಟೆಗಟ್ಟಲೆ ಒದ್ದಾಟ. ಪಟ್ಟಿಗೆ ಬಳಸುವುದು ಸಾವಿರಕ್ಕೆ ಒಂದು ಪಾಲಿನ ಗಟ್ಟಿ ಔಷಧ. ಅದನ್ನೇ ಸೂಜಿಯಿಂದ ಚುಚ್ಚುವಾಗ ಬಳಸುವುದು ಲಕ್ಷಕ್ಕೆ ಅಥವಾ ಎರಡು ಲಕ್ಷಕ್ಕೆ ಒಂದು ಪಾಲಿನದು. ಇವೆರಡು ಅದಲುಬದಲಾದರೆ ಪ್ರಾಣಕ್ಕೇ ಕುತ್ತು. ಅದಕ್ಕೇ ಗಟ್ಟಿ ಔಷಧಕ್ಕೆ ಬಣ್ಣ ಬೆರೆಸಿ, ಬಟ್ಟಲಿಗೆ ಹೆಸರು ಬರೆದು ಬೇರೆ ಇಡುವುದು ಒಳ್ಳೆಯ ಪದ್ಧತಿ.

ಹೆಪ್ಪು ಬೇಗ ಕರಗದಂತೆ ಟ್ರಾನೆಕ್ಸಾಮಿಕ್ ಆ್ಯಸಿಡ್ ಕೊಡುವುದುಂಟು. ಫಿಟ್ಸ್ ಇದ್ದವರು, ಕಾಲಿನಲ್ಲೋ ಶ್ವಾಸಕೋಶದಲ್ಲೋ ಹಿಂದೆ ರಕ್ತ ಹೆಪ್ಪುಗಟ್ಟಿದ್ದವರು ಅದನ್ನು ಮೊದಲೇ ಹೇಳಿರಬೇಕು. ನಡುನಡುವೆ ಬಿಸಿ ಸಲೈನ್‌ನಿಂದ ತೊಳೆದರೂ ಜಿನುಗುವುದು ಕಡಿಮೆಯಾಗುತ್ತದೆ. ನಾಳವೇ ಕತ್ತರಿಸಿದರೆ ಅದನ್ನು ಹುಡುಕಿ ಸುಟ್ಟು ಮುಚ್ಚಬೇಕು.

ಇಷ್ಟೆಲ್ಲ ಮಾಡಿಯೂ ಏನೂ ಕಾಣದಾದರೆ? ಪಟ್ಟಿ ಒತ್ತಿ ಕಾಯುತ್ತಾರೆ. ಆಗಲೂ ನಿಲ್ಲದಿದ್ದರೆ ಅಷ್ಟಕ್ಕೇ ಮುಗಿಸಿ, ಉಳಿದದ್ದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳುತ್ತಾರೆ. ‘ಡಾಕ್ಟರಿಗೆ ಆಪರೇಷನ್ ಬರಲಿಲ್ಲ, ಅರ್ಧಕ್ಕೇ ಬಿಟ್ಟರು’ ಎಂದು ಸುಮ್ನೆ ಹೈದರಾಬಾದ್, ಸೊಲ್ಲಾಪುರ ಹತ್ತಬೇಡಿ. ಅರ್ಧಕ್ಕೆ ನಿಲ್ಲಿಸಲು ಧೈರ್ಯ ಬೇಕು. ಹಾಗೆ ನಿಲ್ಲಿಸಿದವರು ನಿಮ್ಮ ಕಣ್ಣು ಉಳಿಸಿದ್ದಾರೆ.

ಹೆಜ್ಜೆ 5: ಊರಿಗೆ ಹೋದ ಮೇಲೆ

ಮೊದಲ ಕೆಲವು ದಿನ ನಸುಗೆಂಪು ನೀರು ಬರುವುದು ಸಹಜ. ಎರಡು ದಿಂಬು ಇಟ್ಟು ಮಲಗಿ. ಮೂಗು ಜೋರಾಗಿ ಸೀದಬೇಡಿ. ಸೀನು ಬಂದರೆ ಬಾಯಿ ತೆರೆದು ಸೀನಿ. ಎರಡು ವಾರ ಚೀಲ ಎತ್ತುವುದು, ಕೊಡ ಹೊರುವುದು, ಬಗ್ಗಿ ಕೆಲಸ ಮಾಡುವುದು ಬೇಡ. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಮೂಗಿನೊಳಗೆ ಬೇಗ ಒಣಗಿ ಹೆಕ್ಕಳೆ ಕಟ್ಟುತ್ತದೆ. ಡಾಕ್ಟರು ಹೇಳಿದ ದಿನದಿಂದ ಉಪ್ಪುನೀರಿನಿಂದ ತೊಳೆಯಿರಿ. ಬೋರಿನ ನೀರು ಹಾಗೇ ಹಾಕಬೇಡಿ, ಕುದಿಸಿ ಆರಿಸಿದ ನೀರೇ ಆಗಬೇಕು. ಡಾಕ್ಟರನ್ನು ಕೇಳದೆ ಹಳೆಯ ನೋವಿನ ಗುಳಿಗೆಗೆ ಮತ್ತೆ ಕೈ ಹಾಕಬೇಡಿ.

ವಾರ ಕಳೆದ ಮೇಲೂ ಕೆಲವರಿಗೆ ರಕ್ತ ಬರುವುದುಂಟು. ಆಗ ಮಲಗಬಾರದು, ತಲೆ ಹಿಂದಕ್ಕೆ ವಾಲಿಸಬಾರದು. ಕೂತು ಮುಂದಕ್ಕೆ ಬಾಗಿ, ಮೂಗಿನ ಮೆತ್ತನೆ ಭಾಗವನ್ನು ಬಿಡದೆ 10ರಿಂದ 15 ನಿಮಿಷ ಒತ್ತಿ ಹಿಡಿಯಿರಿ. ಬಾಯಿಗೆ ಬಂದ ರಕ್ತ ಉಗುಳಿ, ನುಂಗಬೇಡಿ. ಅಷ್ಟಕ್ಕೂ ನಿಲ್ಲದಿದ್ದರೆ, ಕಣ್ಣು ಊದಿದರೆ, ದೃಷ್ಟಿ ಮಂಜಾದರೆ, ಕತ್ತು ಹಿಡಿದಂತಾಗಿ ತಲೆ ಸಿಡಿದರೆ, ಬಗ್ಗಿದಾಗ ಮೂಗಿನಿಂದ ತಿಳಿ ನೀರು ತೊಟ್ಟಿಕ್ಕಿದರೆ ಬೆಳಗಾಗಲಿ ಎಂದು ಕಾಯಬೇಡಿ. ಅಫಜಲಪುರ, ಚಿಂಚೋಳಿ ಕಡೆಯವರಿಗೆ ಕಲಬುರಗಿ ಹತ್ತಿರವೇನಲ್ಲ. ಅದಕ್ಕೇ ಡಿಸ್ಚಾರ್ಜ್ ಆಗುವ ದಿನವೇ ರಾತ್ರಿ ಹೊತ್ತು ಯಾವ ನಂಬರಿಗೆ ಫೋನ್ ಮಾಡಬೇಕು, ಯಾವ ಗೇಟಿಗೆ ಬರಬೇಕು ಎಂದು ಕೇಳಿ ಡಿಸ್ಚಾರ್ಜ್ ಚೀಟಿಯ ಮೇಲೇ ಬರೆಸಿಕೊಳ್ಳಿ.