ಮೋಟರ್‌ಹೋಮ್ ಹಿಂದೆ ಬೈಕ್: ಸ್ಟೀರಿಂಗ್ ತೇಲುವುದು ನಿಂತ ಬಗೆ

ಅಮೆರಿಕದಲ್ಲಿ ನಮ್ಮದು ಕ್ಲಾಸ್ ಸಿ ಮೋಟರ್‌ಹೋಮ್, ಅಂದರೆ ವ್ಯಾನ್ ಅಡಿಗಟ್ಟಿನ ಮೇಲೆ ಕಟ್ಟಿದ ಓಡಾಡುವ ಮನೆ. ಹಿಂದಿನ ಹಿಚ್‌ಗೆ (ಟ್ರೇಲರ್ ಎಳೆಯುವ ಕೊಂಡಿ) ಕ್ಯಾರಿಯರ್ ಹಾಕಿ 110 ಕೆಜಿಯ ಬೈಕ್ ಏರಿಸಿದೆ. ಗಂಟೆಗೆ 90 ಕಿ.ಮೀ. ದಾಟಿದರೆ ಸ್ಟೀರಿಂಗ್ ಹಗುರ. ಅಡ್ಡಗಾಳಿಗೆ ಮೂತಿ ಪಕ್ಕಕ್ಕೆ ಸರಿಯುತ್ತಿತ್ತು. ಹಿಂದೆ ಬೈಕ್ ಓಲಾಡುತ್ತಿತ್ತು.

ಸ್ಟ್ರಾಪ್ ಜಾಸ್ತಿ ಬಿಗಿದೆ, ಹಿಂದಿನ ಟೈರ್‌ಗೆ ಗಾಳಿ ಹೆಚ್ಚಿಸಿದೆ. ಉಪಯೋಗ ಆಗಲಿಲ್ಲ. ಹಿಂದಿನ ಸಸ್ಪೆನ್ಷನ್‌ಗೆ ಏರ್‌ಬ್ಯಾಗ್ (ಗಾಳಿ ತುಂಬಿದ ಸ್ಪ್ರಿಂಗ್) ಹಾಕಿಸಿದಾಗ ಗಾಡಿ ನೋಡೋಕೆ ನೇರ ಆಯಿತು, ಅಷ್ಟೇ.

ಗುಟ್ಟು ಗೊತ್ತಾಗಿದ್ದು ಟ್ರಕ್ ಸ್ಟಾಪಿನ ವೇಬ್ರಿಡ್ಜ್‌ನಲ್ಲಿ. ಎರಡೂ ಆಕ್ಸಲ್ ಬೇರೆಬೇರೆ ತೂಗಿಸಬೇಕು. ಬೈಕ್, ಕ್ಯಾರಿಯರ್ ಸೇರಿ 150 ಕೆಜಿ. ಹಿಂದಿನ ಆಕ್ಸಲ್‌ನಿಂದ 2.8 ಮೀಟರ್ ಆಚೆ. ವೀಲ್‌ಬೇಸ್ (ಎರಡು ಆಕ್ಸಲ್ ನಡುವಿನ ಅಂತರ) 4 ಮೀಟರ್. 150 × 2.8 ÷ 4 = 105. ಅಂದರೆ ಮುಂದಿನ ಆಕ್ಸಲ್‌ನಿಂದ 105 ಕೆಜಿ ಎದ್ದುಹೋಗುತ್ತದೆ, ಹಿಂದಿನದಕ್ಕೆ 255 ಬೀಳುತ್ತದೆ. ಏತದ ಲೆಕ್ಕ ಅಲ್ವಾ! ಇದೂ ಸೇರಿ ಹಿಂದಿನ ಆಕ್ಸಲ್‌ನ ಒಟ್ಟು ಭಾರ ಅದರ ಮಿತಿಯೊಳಗೆ ಇರಬೇಕು. ಹಿಚ್‌ನಲ್ಲಿ ಎಳೆಯುವ ಮಿತಿ ಅಲ್ಲ, ಮೇಲಿನಿಂದ ಒತ್ತುವ ಭಾರದ ಮಿತಿ ನೋಡಿ.

ಹಿಂದಿನ ಡಿಕ್ಕಿಯ ಸಾಮಾನೆಲ್ಲ ಮುಂದಿನ ಸೀಟಿನ ಹಿಂದಕ್ಕೆ ತಂದೆ. ಹಿಂಬದಿಯ ಬಚ್ಚಲು ನೀರಿನ ಟ್ಯಾಂಕ್ ಖಾಲಿ ಮಾಡಿದೆ. ಮತ್ತೆ ತೂಗಿಸಿದೆ. ಸ್ಟೀರಿಂಗ್ ಹಿಡಿತಕ್ಕೆ ಬಂತು.

ಓಲಾಟಕ್ಕೆ ಮೊದಲು ಹಿಚ್‌ನ ಸಡಿಲ ತೆಗೆಯಬೇಕು: ಯು-ಬೋಲ್ಟ್ ಕ್ಲಾಂಪ್ ಹಾಕಿ. ಆಮೇಲೆ ಬೈಕಿನ ಮುಂದಿನ ಚಕ್ರ ಚಾಕ್‌ಗೆ (ಚಕ್ರ ಹಿಡಿಯುವ ಅಡ್ಡೆ) ಕೂರಿಸಿ, ಸ್ಟ್ಯಾಂಡ್ ಎತ್ತಿ. ಹ್ಯಾಂಡಲ್‌ಗೆ ಕೊಕ್ಕೆ ಬೇಡ. ಕೆಳಗಿನ ಟ್ರಿಪಲ್ ಕ್ಲಾಂಪ್‌ಗೆ (ಫೋರ್ಕಿನ ಎರಡು ಕಾಲು ಹಿಡಿದಿಡುವ ಅಡ್ಡಪಟ್ಟಿ) ಮೆತ್ತನೆ ಲೂಪ್ ಹಾಕಿ, ಎರಡೂ ಬದಿ ಒಂದೊಂದಾಗಿ ಎಳೆಯಿರಿ. ಫೋರ್ಕ್ ಅರ್ಧದಷ್ಟು ಕುಗ್ಗಿದರೆ ಸಾಕು. ನಂತರ ಹಿಂದಿನ ಎರಡು ಸ್ಟ್ರಾಪ್, ಕೊನೆಗೆ ಚಕ್ರಗಳಿಗೆ ಒಂದೊಂದು. 30 ಕಿ.ಮೀ. ಓಡಿಸಿ ನಿಲ್ಲಿಸಿ, ಮತ್ತೆ ಬಿಗಿಯಿರಿ.